ಸಲಮಾಂಕಾಗೆ ಹೊರಟಿದ್ದೇನೆ: ಅಲ್ಲಿನವರ ಮನೆಯಲ್ಲಿ ಇರಲಾ, ಹುಡುಗಿಯರ ಜೊತೆ ಫ್ಲ್ಯಾಟ್ ಹಿಡಿಯಲಾ?

ಬೆಣ್ಣೆದೋಸೆ_ಹುಡುಗಿ

ಎಲ್ಲರಿಗೂ ನಮಸ್ಕಾರ. ಊರು ದಾವಣಗೆರೆ, ಬೆಂಗಳೂರಿನಲ್ಲಿ ಬಿ.ಎ. ಮುಗಿಸಿದ್ದೇನೆ. ಸೆಪ್ಟೆಂಬರ್ ಕೊನೆಗೆ ಸ್ಪೇನಿನ ಸಲಮಾಂಕಾಗೆ ಹೋಗುತ್ತಿದ್ದೇನೆ. ಅಲ್ಲಿನ ವಿಶ್ವವಿದ್ಯಾಲಯದ್ದೇ ಸ್ಪ್ಯಾನಿಷ್ ಕೋರ್ಸು, ಒಂದು ಶೈಕ್ಷಣಿಕ ವರ್ಷದ್ದು. ಈಗ ನನ್ನ ಮಟ್ಟ ಎ2 (ಯೂರೋಪಿನ ಭಾಷಾ ಮಟ್ಟಗಳು ಎ1ರಿಂದ ಸಿ2ವರೆಗೆ ಆರು, ಅದರಲ್ಲಿ ಎರಡನೆಯದು). ಓದಿದರೆ ಅರ್ಥ ಆಗುತ್ತೆ, ಎದುರಿಗೆ ಯಾರಾದರೂ ಮಾತಾಡಿದರೆ ಏನೂ ತಿಳಿಯಲ್ಲ. ಕೋರ್ಸು ಮುಗಿಯುವಷ್ಟರಲ್ಲಿ ಬಿ2 ಆಗಬೇಕು. ಆಮೇಲೆ ಅಲ್ಲೇ ಅನುವಾದದ ಮಾಸ್ಟರ್ಸ್‌ಗೆ ಅರ್ಜಿ ಹಾಕುವ ಯೋಚನೆ.

ಈಗ ಮನೆಯಲ್ಲಿ ದಿನಾ ಇದೇ ಚರ್ಚೆ. ಅಪ್ಪನಿಗೆ ನಾನು ಅಲ್ಲಿನ ಒಂದು ಕುಟುಂಬದ ಜೊತೆ ಇರಬೇಕು ಅಂತ. ವಯಸ್ಸಾದ ಒಬ್ಬರು ಅಮ್ಮ, ಮೂರು ಹೊತ್ತು ಊಟ, ಬಟ್ಟೆನೂ ಒಗೆದು ಕೊಡ್ತಾರಂತೆ. ನನಗೆ ಫ್ಲ್ಯಾಟ್ ಹಂಚಿಕೊಳ್ಳುವ ಆಸೆ, ದುಡ್ಡೂ ಉಳಿಯುತ್ತೆ. ಭಾಷೆ ಎಲ್ಲಿ ಬೇಗ ಬರುತ್ತೆ? ಇನ್ನೊಂದು ವಿಷಯ: ನಾನು ಮಾಂಸ, ಮೀನು, ಮೊಟ್ಟೆ ಯಾವುದೂ ತಿನ್ನಲ್ಲ. ದಯವಿಟ್ಟು "ಈಗಿಂದ ತಿನ್ನೋದು ಕಲಿ" ಅಂತ ಯಾರೂ ಬರೆಯಬೇಡಿ, ಅದನ್ನ ಹೇಳೋಕೆ ಚಿಕ್ಕಪ್ಪ ಇದ್ದಾರೆ.

ತೋರ್ಮೆಸ್_ದಂಡೆ

ನಮಸ್ಕಾರ ತಂಗಿ. ನಾನು ಶಿವಮೊಗ್ಗದವನು, ಸಲಮಾಂಕಾದಲ್ಲೇ ಪಿಎಚ್‌ಡಿ ಮಾಡುತ್ತಿದ್ದೇನೆ. ಊಟ, ಬಾಡಿಗೆ ಎಲ್ಲ ಆಮೇಲೆ. ಯಾವ ಮನೆಯಾದರೂ ಸರಿ, ಮೊದಲು ಒಂದೇ ಪ್ರಶ್ನೆ ಕೇಳು: "ನಿಮ್ಮ ವಿಳಾಸದಲ್ಲಿ ಎಂಪದ್ರೊನಾಮಿಯೆಂತೊ ಮಾಡಿಸಬಹುದಾ?"

ಅಂದರೆ ನೀನು ಈ ಮನೆಯಲ್ಲಿ ವಾಸ ಇದ್ದೀಯ ಅಂತ ಅಲ್ಲಿನ ನಗರಸಭೆಯಲ್ಲಿ ಹೆಸರು ಬರೆಸುವುದು. ಎಲ್ಲರೂ ಸುಮ್ನೆ "ಪದ್ರೋನ್" ಅಂತಾರೆ. ವೀಸಾ ಆರು ತಿಂಗಳಿಗಿಂತ ಜಾಸ್ತಿ ಇದ್ದರೆ ಸ್ಪೇನಿಗೆ ಬಂದ ಒಂದು ತಿಂಗಳೊಳಗೆ ವಿದೇಶಿಯರ ಗುರುತಿನ ಚೀಟಿಗೆ ಅರ್ಜಿ ಹಾಕಬೇಕು. ಆ ಕಾರ್ಡಿಗೆ ತಿಯೆ ಅಂತ ಹೆಸರು. ಇಎಕ್ಸ್-17 ಅನ್ನುವ ಫಾರಂ, 790-012 ಅನ್ನುವ ಚಲನ್ ತುಂಬಿ ಬ್ಯಾಂಕಿನಲ್ಲಿ ಕಟ್ಟಿದ ರಸೀದಿ, ಫೋಟೊ, ಪಾಸ್‌ಪೋರ್ಟ್, ಇವುಗಳ ಜೊತೆ ಹಲವು ಕಡೆ ಪದ್ರೋನ್ ಪತ್ರವನ್ನೂ ಕೇಳುತ್ತಾರೆ. ಬೆರಳಚ್ಚು ಕೊಟ್ಟ ಮೇಲೆ ಕಾರ್ಡು ಕೈಗೆ ಬರಲು ಇನ್ನೂ ಒಂದು ತಿಂಗಳಾದರೂ ಬೇಕು. ಎಲ್ಲದಕ್ಕೂ ಆನ್‌ಲೈನಿನಲ್ಲಿ ಮುಂಚೆಯೇ ಸಮಯ ತಗೊಂಡಿರಬೇಕು. ಮ್ಯಾಡ್ರಿಡ್, ಬಾರ್ಸಿಲೋನಾದಲ್ಲಿ ಆ ಸಮಯ ಸಿಗುವುದೇ ದೊಡ್ಡ ತಲೆನೋವು. ಸಲಮಾಂಕಾ ಚಿಕ್ಕ ಊರು, ಅಷ್ಟು ಗೋಳಿಲ್ಲ.

ಸಮಸ್ಯೆ ಏನಪ್ಪಾ ಅಂದರೆ, ರೂಮು ಕೊಡುವ ಎಷ್ಟೋ ಜನ ಪದ್ರೋನ್‌ಗೆ ಒಪ್ಪಲ್ಲ. ಬಾಡಿಗೆಯನ್ನು ತೆರಿಗೆಯಲ್ಲಿ ತೋರಿಸದವರಿಗೆ ಭಯ. ಮನೆಯಲ್ಲಿ ವಿದ್ಯಾರ್ಥಿಗಳನ್ನು ಇಟ್ಟುಕೊಳ್ಳುವವರಲ್ಲೂ ಇಂಥವರು ಇದ್ದಾರೆ. "ಆಮೇಲೆ ನೋಡೋಣ" ಅಂದರೆ "ಇಲ್ಲ" ಅಂತಲೇ ತಿಳ್ಕೋ. ಮುಂಚೆಯೇ ಬರಹದಲ್ಲಿ ಒಪ್ಪಿಸಿಕೊ.

ಇನ್ನೊಂದು. ಮನೆ ಕಣ್ಣಾರೆ ನೋಡುವ ಮುಂಚೆ ಒಂದು ಪೈಸೆಯೂ ಕಳಿಸಬೇಡ. "ನಾನು ಲಂಡನ್ನಿನಲ್ಲಿದ್ದೇನೆ, ಮುಂಗಡ ಹಾಕಿದರೆ ಕೀ ಕೊರಿಯರ್ ಮಾಡ್ತೀನಿ" ಅನ್ನುವವರೆಲ್ಲ ಕಳ್ಳರು. ಮೊದಲ ವಾರ ಯಾವುದಾದರೂ ಅಗ್ಗದ ಹಾಸ್ಟೆಲಿನಲ್ಲಿ ಇರು, ನಡೆದಾಡಿ ಹುಡುಕು. ವಿಶ್ವವಿದ್ಯಾಲಯದ ಒಂದೊಂದು ವಿಭಾಗದ ಬಾಗಿಲಲ್ಲೂ ಬೋರ್ಡ್ ಇರುತ್ತೆ. ಬಾಡಿಗೆ ಚೀಟಿಗಳ ಕೆಳಗಂಚನ್ನು ಸೀಳಿ, ಪ್ರತಿ ಸೀಳಿನ ಮೇಲೂ ಫೋನ್ ನಂಬರ್ ಬರೆದಿರುತ್ತಾರೆ. ಒಂದನ್ನು ಹರಿದುಕೊಂಡು ಹೋಗುವುದು. ಇಲ್ಲಿ ಇದು ಇನ್ನೂ ನಡೆಯುತ್ತೆ.

ಧಾರವಾಡ_ಫೇಡೆ

ಇದೇ ಊರಿನಲ್ಲಿ ಒಬ್ಬರ ಮನೆಯಲ್ಲಿದ್ದು ಓದಿದವಳು ನಾನು. ಹಂಗಾಗಿ ಮನೆಯವರ ಪರ ವಕಾಲತ್ತು ನನ್ನದೇ.

ಸಲಮಾಂಕಾ ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರ. ನವೆಂಬರ್ ಬಂದರೆ ರಾತ್ರಿ ಸೊನ್ನೆಗಿಂತ ಕೆಳಗೆ ಇಳಿಯುತ್ತೆ. ನಾನಿದ್ದ ಮನೆಯ ಅಮ್ಮನಿಗೆ ಎಪ್ಪತ್ತು ದಾಟಿತ್ತು. ಹಾಲಿನಲ್ಲಿ ಒಂದು ದುಂಡು ಮೇಜು, ಅದರ ಮೇಲೆ ನೆಲ ಮುಟ್ಟುವಷ್ಟು ಉದ್ದದ ದಪ್ಪ ಬಟ್ಟೆ, ಮೇಜಿನ ಅಡಿಯಲ್ಲಿ ಕರೆಂಟಿನ ಹೀಟರ್. ಮೆಸಾ ಕಮೀಯಾ ಅಂತಾರೆ. ಹಳೇ ಕಾಲದಲ್ಲಿ ಮೇಜಿನ ಕೆಳಗೆ ಕೆಂಡದ ಅಗ್ಗಿಷ್ಟಿಕೆ ಇಡುತ್ತಿದ್ದರಂತೆ. ಊಟ ಆದ ಮೇಲೆ ಬಟ್ಟೆಯನ್ನು ಎತ್ತಿ ಮೊಣಕಾಲಿನ ಮೇಲೆ ಎಳೆದುಕೊಂಡು ಕೂತರೆ ಎದ್ದು ಹೋಗೋಕೆ ಮನಸ್ಸೇ ಬರಲ್ಲರೀ. ರೂಮಿನಲ್ಲಿ ಥಂಡಿ, ಇಲ್ಲಿ ಬೆಚ್ಚಗೆ. ಹೀಗಾಗಿ ನಾನು ದಿನಾ ರಾತ್ರಿ ಅಲ್ಲೇ ಕೂರುತ್ತಿದ್ದೆ.

ಆಯಮ್ಮ ಟಿವಿಯಲ್ಲಿ ಸುದ್ದಿ ಹಾಕಿ ಮಂತ್ರಿಗಳಿಗೆಲ್ಲ ಬೈಯೋರು. ನಡುವೆ ನನ್ನ ಕಡೆ ತಿರುಗಿ "ನೀನೇನಂತೀ?" ಅನ್ನೋರು. ಏನಾದರೂ ಹೇಳಲೇಬೇಕು, ಹೇಳಿದ್ದು ತಪ್ಪಾದರೆ ಅಲ್ಲೇ ತಿದ್ದಿ ಮತ್ತೆ ಹೇಳಿಸೋರು. ಯಾವ ಕ್ಲಾಸಿನಲ್ಲಿ ಸಿಗುತ್ತೆ ಇದು? ಫ್ಲ್ಯಾಟಿನಲ್ಲಿ ಪ್ರತಿಯೊಬ್ಬರೂ ಅವರವರ ರೂಮಿನ ಬಾಗಿಲು ಹಾಕಿಕೊಂಡು ಮೊಬೈಲ್ ನೋಡ್ತಾ ಕೂತಿರ್ತಾರೆ.

ಕುಡ್ಲದ_ಬಂಗುಡೆ

ಧಾರವಾಡ ಅಕ್ಕಾ, ನಿಮ್ಮ ಅದೃಷ್ಟ ಚೆನ್ನಾಗಿತ್ತು ಮಾರಾಯ್ರೆ. ಎಲ್ಲರಿಗೂ ಅಂಥ ಅಮ್ಮ ಸಿಗುವುದಿಲ್ಲ. ನನ್ನ ಕ್ಲಾಸಿನವನೊಬ್ಬ ಇದ್ದ ಮನೆಯಲ್ಲಿ ಒಂದೇ ಸಲಕ್ಕೆ ನಾಲ್ಕು ವಿದ್ಯಾರ್ಥಿಗಳು, ನಾಲ್ವರೂ ವಿದೇಶಿಯರು. ಊಟದ ಮೇಜಿನಲ್ಲಿ ಬರೀ ಇಂಗ್ಲಿಷ್. ಮನೆಯವರು ತಟ್ಟೆ ಇಟ್ಟು ಅಡುಗೆಮನೆಗೆ ಹೋಗುವುದು. ಲಾಡ್ಜಿಂಗಿಗೂ ಅದಕ್ಕೂ ಏನು ವ್ಯತ್ಯಾಸ?

ನಾನು ಗ್ರನಾದಾದಲ್ಲಿ ಫ್ಲ್ಯಾಟಿನಲ್ಲಿದ್ದೆ. ನನ್ನ ಅನುಭವದಲ್ಲಿ ಭಾಷೆ ಬರುವುದು ಜಗಳದಿಂದ. ಮನೆಯಲ್ಲಿ ನೀವು ಅತಿಥಿ. ಅಮ್ಮ ಮೆಲ್ಲಗೆ ಮಾತಾಡ್ತಾರೆ, ನೀವು ಹೇಳುವ ಮುಂಚೆಯೇ ಅರ್ಥ ಮಾಡಿಕೊಳ್ತಾರೆ. ಫ್ಲ್ಯಾಟಿನಲ್ಲಿ ಹಾಗಲ್ಲ. ಬಾತ್‌ರೂಂ ಯಾರು ತೊಳೀಬೇಕು, ಕರೆಂಟ್ ಬಿಲ್ಲು ಯಾಕೆ ಇಷ್ಟು ಬಂತು, ರಾತ್ರಿ ಎರಡಕ್ಕೆ ಗೆಳೆಯರನ್ನು ಕರೆಸಿದ್ದು ಯಾರು? ಬಾಯಿ ಬಿಡದಿದ್ದರೆ ಬಾತ್‌ರೂಂ ನೀವೇ ತೊಳೀಬೇಕು. ನನಗೆ ಷರತ್ತಿನ ವಾಕ್ಯ ಬಂದದ್ದು ಹಾಗೆ. "ನೀನು ತೊಳೆದಿದ್ದರೆ ನಾನು ಹೇಳುತ್ತಿರಲಿಲ್ಲ" ಅನ್ನುವುದನ್ನು ವಾರಕ್ಕೊಮ್ಮೆ ಹೇಳಿದರೆ ಯಾವ ವ್ಯಾಕರಣವೂ ಬರ್ತದೆ.

ಆದರೆ ಒಂದು. ಫ್ಲ್ಯಾಟಿನಲ್ಲಿ ಸ್ಪೇನಿನವರೇ ಇರಬೇಕು. ಯೂರೋಪಿನ ಬೇರೆ ದೇಶಗಳಿಂದ ಎರಾಸ್ಮುಸ್ ಅನ್ನುವ ವಿದ್ಯಾರ್ಥಿ ವಿನಿಮಯ ಯೋಜನೆಯಲ್ಲಿ ಬಂದವರು ಮೂರು ಜನ ಸೇರಿದರೆ ಮುಗಿಯಿತು, ಇಂಗ್ಲಿಷೇ. ನಮ್ಮವರ ಜೊತೆ ಇದ್ದರೆ ಇನ್ನೂ ಕಷ್ಟ, ಹಿಂದಿ ಬರ್ತದೆ.

ತೋರ್ಮೆಸ್_ದಂಡೆ

ಬಂಗುಡೆ ಹೇಳಿದ್ದು ಸರಿ. ಸಲಮಾಂಕಾದಲ್ಲಿ ಅದಕ್ಕೆ ಅನುಕೂಲ ಇದೆ. ಊರೇ ವಿಶ್ವವಿದ್ಯಾಲಯದ ಸುತ್ತ ಬೆಳೆದದ್ದು. 1218ರಲ್ಲಿ ಶುರುವಾದ ವಿಶ್ವವಿದ್ಯಾಲಯ, ಸ್ಪೇನಿನಲ್ಲಿ ಈಗಲೂ ನಡೆಯುತ್ತಿರುವವುಗಳಲ್ಲಿ ಅದೇ ಹಳೆಯದು. ಸ್ಪ್ಯಾನಿಷ್‌ಗೆ ಮೊದಲ ವ್ಯಾಕರಣ ಬರೆದು 1492ರಲ್ಲಿ ಅಚ್ಚು ಹಾಕಿಸಿದ ನೆಬ್ರಿಹಾ ಇಲ್ಲೇ ಪಾಠ ಹೇಳಿದವರು. ಅಕ್ಕಪಕ್ಕದ ಸಮೋರಾ, ಆವಿಲಾ, ಕಾಸೆರೆಸ್ ಕಡೆಯ ಸಣ್ಣ ಊರುಗಳಿಂದ ಓದಲು ಬರುವ ಮಕ್ಕಳು ಫ್ಲ್ಯಾಟ್ ಹಿಡಿದೇ ಇರುತ್ತಾರೆ. ಅವರಲ್ಲಿ ಒಬ್ಬರು ಎರಾಸ್ಮುಸ್‌ಗೆ ಹೊರಟರೆ ಒಂದು ರೂಮು ಖಾಲಿ. ಅಂಥದ್ದನ್ನು ಹಿಡಿ.

ಬಾಡಿಗೆ ನೋಡುವಾಗ ಚಳಿಗಾಲದ ಬಿಸಿ ವ್ಯವಸ್ಥೆ ಬಾಡಿಗೆಯಲ್ಲೇ ಸೇರಿದೆಯಾ ಕೇಳು. ಇಡೀ ಕಟ್ಟಡಕ್ಕೆ ಒಂದೇ ಬಾಯ್ಲರ್ ಇದ್ದರೆ ನಿಶ್ಚಿಂತೆ. ಹಳೇ ಮನೆಗಳಲ್ಲಿ ಕಿತ್ತಳೆ ಬಣ್ಣದ ಗ್ಯಾಸ್ ಸಿಲಿಂಡರ್ ಇರುತ್ತೆ, 12.5 ಕಿಲೊದ್ದು. ತಲೆಗೆ ಶಾಂಪೂ ಹಚ್ಚಿರುವಾಗಲೇ ಖಾಲಿ ಆಗುವುದು ಅದರ ಗುಣ.

ಬೆಣ್ಣೆದೋಸೆ_ಹುಡುಗಿ

ಅಯ್ಯೋ, ಇಷ್ಟು ಬೇಗ ಇಷ್ಟೊಂದು ಉತ್ತರ! ಅಣ್ಣ, ಪದ್ರೋನ್ ವಿಷಯ ನನ್ನ ಏಜೆಂಟು ಹೇಳಿರಲೇ ಇಲ್ಲ. ಆ ಕುಟುಂಬಕ್ಕೆ ಇವತ್ತೇ ಮೇಲ್ ಹಾಕಿದೆ.

ಊಟದ ಬಗ್ಗೆ ಯಾರೂ ಹೇಳಲಿಲ್ಲ ನೋಡಿ. ಅಮ್ಮ ಆಗಲೇ ಚಟ್ನಿಪುಡಿ ಮಾಡೋಕೆ ಕೂತಿದ್ದಾರೆ.

ಚನ್ನಂಗಿಬೇಳೆ

ಹಾಜರ್. ಮೊಟ್ಟೆ ಸಮೇತ ಬಿಟ್ಟವಳು ನಾನು, ವಲೆನ್ಸಿಯಾದಲ್ಲಿ ಓದು ಮುಗಿಸಿ ಈಗ ಮ್ಯಾಡ್ರಿಡ್‌ನಲ್ಲಿ ಕೆಲಸ.

ಹೋಟೆಲಿನಲ್ಲಿ "ನಾನು ಮಾಂಸ ತಿನ್ನಲ್ಲ" ಅಂತ ಮಾತ್ರ ಹೇಳಿದರೆ ಸಲಾಡಿನ ಮೇಲೆ ಟ್ಯೂನಾ ಮೀನು ಹಾಕಿ ಕೊಡುತ್ತಾರೆ. ಹಂದಿಮಾಂಸದ ಹಮೋನ್ ಚೂರುಗಳನ್ನು ಅವರು ಮಾಂಸದ ಲೆಕ್ಕಕ್ಕೇ ಹಿಡಿಯಲ್ಲ, ಒಗ್ಗರಣೆಗೆ ಕರಿಬೇವು ಹಾಕಿದ ಹಾಗೆ ಹಾಕಿಬಿಡ್ತಾರೆ. ಪೂರ್ತಿ ಪಟ್ಟಿ ಹೇಳಬೇಕು: "ನೊ ಕೊಮೊ ಕಾರ್ನೆ, ನಿ ಪೆಸ್ಕಾದೊ, ನಿ ಹಮೋನ್, ನಿ ಉಯೆವೊ" (ಮಾಂಸ, ಮೀನು, ಹಮೋನ್, ಮೊಟ್ಟೆ ಯಾವುದೂ ತಿನ್ನಲ್ಲ). ಸಾರಿನ ತಿಳಿ ಮಾಂಸದ್ದಾ ಅಂತಲೂ ಕೇಳಬೇಕು, ಅದಕ್ಕೆ "ಕಾಲ್ದೊ" ಅಂತಾರೆ.

ತಿನ್ನಬಹುದಾದದ್ದು: ಟೊಮೇಟೊ ಉಜ್ಜಿ ಎಣ್ಣೆ ಬಿಟ್ಟ ಬ್ರೆಡ್ (ಬೆಳಗಿನ ತಿಂಡಿಗೆ ಇದೇ ಆಧಾರ), ಗಸ್ಪಾಚೊ (ತಣ್ಣನೆಯ ಟೊಮೇಟೊ ಸಾರು), ಉಪ್ಪು ಹಾಕಿ ಹುರಿದ ಪದ್ರೋನ್ ಮೆಣಸಿನಕಾಯಿ. ಈ ಪದ್ರೋನ್‌ಗೂ ಆ ಪದ್ರೋನ್‌ಗೂ ಸಂಬಂಧ ಇಲ್ಲ, ಇದು ಗಲಿಸಿಯಾದ ಊರಿನ ಹೆಸರು. ಸಾಲ್ಮೊರೆಹೊ ಗಸ್ಪಾಚೊ ತರಾನೇ ಕಾಣುತ್ತೆ, ಆದರೆ ಮೇಲೆ ಮೊಟ್ಟೆ, ಹಮೋನ್ ಉದುರಿಸಿರುತ್ತಾರೆ. ಸಲಮಾಂಕಾದಲ್ಲಿ ಪತಾತಾಸ್ ಮೆನೆಯಾಸ್ ಅಂತ ಸಿಗುತ್ತೆ. ನೋಡಿದರೆ ನಮ್ಮ ಆಲೂಗಡ್ಡೆ ಪಲ್ಯವೇ, ಕೆಂಪಗೆ ಇರುತ್ತೆ. ಆಸೆಪಡಬೇಡ, ಹಂದಿ ಕೊಬ್ಬಿನ ಹುರಿದ ತುಂಡು ಇರುತ್ತೆ. ಕ್ರಿಸ್‌ಮಸ್‌ನಲ್ಲಿ ಎಲ್ಲರೂ ಕೊಡುವ ಪೊಲ್ವೊರೋನ್ ಬಿಸ್ಕತ್ತಿಗೂ ಸಾಮಾನ್ಯವಾಗಿ ಹಂದಿ ಕೊಬ್ಬೇ ಹಾಕಿರುತ್ತಾರೆ. ಡಬ್ಬಿಯ ಮೇಲೆ "ಮಂತೇಕಾ" ಅಂತ ಇದೆಯಾ ನೋಡು.

ಈಗ ಖುಷಿ ವಿಷಯ. ಸಲಮಾಂಕಾದ ಉತ್ತರಕ್ಕೆ ಅರ್ಮುಞಾ ಅಂತ ಒಂದು ಸೀಮೆ ಇದೆ. ಅಲ್ಲಿನ ಚನ್ನಂಗಿ ಇಡೀ ಸ್ಪೇನಿಗೆ ಹೆಸರುವಾಸಿ, ಊರಿನ ಹೆಸರಿಗೆ ಕಾನೂನಿನ ರಕ್ಷಣೆಯೂ ಇದೆ. ಸಿಪ್ಪೆ ಸಮೇತ ಇರುತ್ತೆ, ಬೇಯಿಸಿದರೆ ಒಡೆಯಲ್ಲ. ಅದರಲ್ಲಿ ಹುಳಿ ಮಾಡಿದರೆ ಎಷ್ಟು ಚೆನ್ನಾಗಿರುತ್ತೆ ಅಂದರೆ ಊರಿಗೆ ಬಂದಾಗ ನಾನು ಅದನ್ನೇ ಚೀಲದಲ್ಲಿ ತುಂಬಿಕೊಂಡು ಬರ್ತೀನಿ. ಪೆದ್ರೊಸೀಯೊ ಅನ್ನುವ ಸಣ್ಣ ಕಡಲೆಯೂ ಅದೇ ಜಿಲ್ಲೆಯದು. ಉಪ್ಪಿಟ್ಟಿಗೆ "ಸೇಮೊಲಾ ದೆ ತ್ರೀಗೊ" ಅಂತ ಕೇಳು, ರವೆ ಸಿಗುತ್ತೆ. ತೊಗರಿಬೇಳೆ, ಇಂಗು, ಸಾಂಬಾರು ಪುಡಿಗೆ ಮಾತ್ರ ಮ್ಯಾಡ್ರಿಡ್‌ನ ಲವಪಿಯೇಸ್ ಬೀದಿಗಳಿಗೆ ಬರಬೇಕು. ಪುಟ್ಟ ಕುಕ್ಕರ್ ಇದ್ದರೆ ಬದುಕಿದೆ. ಒಲೆಗಳು ಹೆಚ್ಚಾಗಿ ಗಾಜಿನ ಹಾಸಿನವು, ತಳ ಚಪ್ಪಟೆ ಇರಬೇಕು.

ಇದರ ಮೇಲೆ ನೀನೇ ತೀರ್ಮಾನ ಮಾಡು. ಇನ್ನೊಬ್ಬರ ಅಡುಗೆಮನೆಯಲ್ಲಿ ದಿನಾ ಚನ್ನಂಗಿ ಹುಳಿ ಕುದಿಸೋಕೆ ಯಾವ ಅಮ್ಮನೂ ಬಿಡಲ್ಲ. ನನ್ನ ಓಟು ಫ್ಲ್ಯಾಟಿಗೆ.

ಧಾರವಾಡ_ಫೇಡೆ

ಊಟದ ವಿಷಯದಾಗ ಸೋತೆ. ನಾನಿದ್ದ ಮನೆಯ ಅಮ್ಮ ಚನ್ನಂಗಿ ಮಾಡಿದಾಗ ಕುದಿಸುವಾಗ ಚೊರೀಸೊ (ಹಂದಿಮಾಂಸದ ಸಾಸೇಜ್) ಹಾಕಿ, ನನ್ನ ತಟ್ಟೆಗೆ ಬಡಿಸುವಾಗ ಮಾತ್ರ ಅದನ್ನು ಚಮಚದಿಂದ ಆರಿಸಿ ಪಕ್ಕಕ್ಕೆ ಇಡೋರು. "ಈಗ ಇಲ್ಲ ನೋಡು" ಅಂತ. ನಾನು ಎಲ್ಲಾ ತಿಂತೀನಿ, ಹಾಗಾಗಿ ನಕ್ಕು ಸುಮ್ಮನಾದೆ. ನಿನಗೆ ಆಗಲ್ಲ ಬಿಡು.

ವ್ಯಾಕರಣ_ಮೇಡಂ

ಬೆಂಗಳೂರಿನಲ್ಲಿ ಸ್ಪ್ಯಾನಿಷ್ ಕಲಿಸುತ್ತೇನೆ. ಮನೆ ವಿಚಾರ ನಿಮಗೇ ಬಿಟ್ಟೆ, ಹೊರಡುವ ಮುಂಚೆ ಏನು ಮಾಡಬೇಕು ಅಂತ ಹೇಳ್ತೀನಿ.

ಎ2 ಇರುವವರು ಹೊರಡುವ ಗಡಿಬಿಡಿಯಲ್ಲಿ ಹೊಸ ಪದಗಳನ್ನು ಉರು ಹೊಡೆಯುತ್ತಾರೆ. ಬೇಡ. ಕಿವಿಗೆ ಕೆಲಸ ಕೊಡಿ. ಸ್ಪೇನಿನ ರೇಡಿಯೊ ಹಾಕಿಕೊಂಡು ಪಾತ್ರೆ ತೊಳೆಯಿರಿ. ಅರ್ಥ ಆಗದಿದ್ದರೂ ಪರವಾಗಿಲ್ಲ, ಆ ವೇಗ ಅಭ್ಯಾಸ ಆಗಬೇಕು.

ಕನ್ನಡದವರು ಇಂಗ್ಲಿಷ್ ಮೂಲಕ ಸ್ಪ್ಯಾನಿಷ್ ಕಲಿಯುವುದು ನನಗೆ ಮೊದಲಿಂದಲೂ ಇಷ್ಟ ಇಲ್ಲ. ಸುಮ್ನೆ ಸುತ್ತು ದಾರಿ. "ಮೆ ಗುಸ್ತಾ ಎಲ್ ಕಫೆ" ಅನ್ನುವುದನ್ನು ಇಂಗ್ಲಿಷ್ ಪುಸ್ತಕ ಎರಡು ಪುಟ ವಿವರಿಸುತ್ತೆ. ನಮಗೆ ಅದು ನೇರವಾಗಿ "ನನಗೆ ಕಾಫಿ ಇಷ್ಟ". "ಮೆ ದುಯೆಲೆ ಲಾ ಕಬೇಸಾ" ಅಂದರೆ "ನನಗೆ ತಲೆ ನೋಯುತ್ತೆ". ಕ್ರಿಯಾಪದದ ಬಾಲದಲ್ಲೇ ನಾನು, ನೀನು ಎಲ್ಲ ಇರುವುದರಿಂದ ಕರ್ತೃವನ್ನು ಬಿಡಬಹುದು, ನಾವು ಬಿಡುವ ಹಾಗೇ. ಅವರ ಎರಡು ಭೂತಕಾಲಕ್ಕೆ ಎಲ್ಲರೂ ಹೆದರುತ್ತಾರೆ. "ತಿಂದೆ", "ತಿನ್ನುತ್ತಿದ್ದೆ" ಅಂತ ಯೋಚಿಸಿ, ಮುಕ್ಕಾಲು ಪಾಲು ಸರಿಯಾಗುತ್ತೆ. ಅವರ ಞ ಉಚ್ಚಾರಕ್ಕೆ ಅಕ್ಷರ ನಮ್ಮ ವರ್ಣಮಾಲೆಯಲ್ಲೇ ಇದೆ, ಪಾಪ, ಕೆಲಸ ಇಲ್ಲದೆ ಕೂತಿದೆ.

ನಮಗೆ ಕಷ್ಟ ಆಗುವುದು ಬೇರೆ ಕಡೆ. ಮೇಜು ಹೆಣ್ಣು, ಪುಸ್ತಕ ಗಂಡು ಅನ್ನುವುದು ಕನ್ನಡದ ತಲೆಗೆ ಹತ್ತಲ್ಲ. ಪದದ ಜೊತೆಗೇ ಅದರ ಎಲ್ (ಗಂಡು), ಲಾ (ಹೆಣ್ಣು) ಸೇರಿಸಿ ಕಲಿಯಬೇಕು, ಬೇರೆ ಉಪಾಯ ಇಲ್ಲ. "ಇರು"ವುದಕ್ಕೆ ಸೆರ್, ಎಸ್ತಾರ್ ಅಂತ ಎರಡು ಕ್ರಿಯಾಪದ. ಅದು ಅಲ್ಲಿ ಹೋದ ಮೇಲೇ ಪಳಗುತ್ತೆ.

ಪರೀಕ್ಷೆ ಬರೆಯುವುದಾದರೆ: ಸ್ಪ್ಯಾನಿಷ್ ಮಟ್ಟ ಅಳೆಯೋಕೆ ಡೆಲೆ, ಸಿಯೆಲೆ ಅಂತ ಎರಡು ಪರೀಕ್ಷೆ ಇವೆ. ಡೆಲೆ ಪ್ರಮಾಣಪತ್ರಕ್ಕೆ ಅವಧಿ ಇಲ್ಲ, ಜೀವನಪೂರ್ತಿ ನಡೆಯುತ್ತೆ. ಸಿಯೆಲೆ ಐದು ವರ್ಷ ಮಾತ್ರ. ಬಿ2 ಡೆಲೆಯಲ್ಲಿ ನಾಲ್ಕು ಭಾಗಗಳನ್ನು ಎರಡು ಗುಂಪು ಮಾಡಿರುತ್ತಾರೆ. ಪ್ರತಿ ಗುಂಪಿನಲ್ಲೂ 50ಕ್ಕೆ 30 ಬರಲೇಬೇಕು. ಒಂದರಲ್ಲಿ 48 ಬಂದು ಇನ್ನೊಂದರಲ್ಲಿ 28 ಬಂದರೆ ಫೇಲು. ಓದು-ಬರಹ ಒಂದು ಗುಂಪಿನಲ್ಲಿ, ಕೇಳು-ಮಾತು ಇನ್ನೊಂದರಲ್ಲಿ. ನಮ್ಮ ಮಕ್ಕಳು ಮುಗ್ಗರಿಸುವುದು ಎರಡನೆಯದರಲ್ಲಿ.

ಕುಡ್ಲದ_ಬಂಗುಡೆ

ಮೇಡಂ, ನಮ್ಮ ಕಡೆಯವರಿಗೆ ಇನ್ನೂ ಸ್ವಲ್ಪ ರಿಯಾಯಿತಿ ಉಂಟು. ಪೋರ್ಚುಗೀಸರ ದಯೆಯಿಂದ ಬಟಾಟೆ ಅಂತ ಮೊದಲೇ ಹೇಳ್ತಿದ್ದೆವು. ಪತಾತಾಗೆ ಎಷ್ಟು ದೂರ?

ಕೇಳುವ ಪರೀಕ್ಷೆಗೆ ತಯಾರಾಗಬೇಕಾದರೆ ಗ್ರನಾದಾಗೆ ಬನ್ನಿ. ಅಂದಲೂಸಿಯಾದವರು ಪದದ ಕೊನೆಯ ಸ್ ನುಂಗುತ್ತಾರೆ, ನಡುವಿನ ದ್ ಕೂಡ ನುಂಗುತ್ತಾರೆ. ಅಲ್ಲಿ ಅರ್ಥ ಆದರೆ ಭೂಮಿ ಮೇಲೆ ಎಲ್ಲಿ ಬೇಕಾದರೂ ಅರ್ಥ ಆಗ್ತದೆ. ಮತ್ತೆ ಒಂದು ಗ್ಲಾಸು ಏನಾದರೂ ಕುಡಿದರೆ ಜೊತೆಗೆ ತಾಪಾ (ಸಣ್ಣ ತಟ್ಟೆ ತಿಂಡಿ) ಬಿಟ್ಟಿ!

ಜೋಳದರೊಟ್ಟಿ_ಮೆಹಿಕೊ

ಎಲ್ಲರೂ ಸ್ಪೇನ್ ಸ್ಪೇನ್ ಅಂತೀರಿ. ಸ್ಪ್ಯಾನಿಷ್ ಮಾತಾಡುವವರಲ್ಲಿ ಬಹುಪಾಲು ಇರೋದು ಈ ಕಡೆ. ನಾನು ಮೆಕ್ಸಿಕೊ ನಗರದಲ್ಲಿ, ಉನಾಮ್ ವಿಶ್ವವಿದ್ಯಾಲಯದಲ್ಲಿ ವಿದೇಶಿಯರಿಗೆ ಇರುವ ಕೇಂದ್ರದಲ್ಲಿ ಕಲಿತೆ. 1921ರಿಂದ ನಡೀತಿರೋ ಪಾಠಶಾಲೆ. ನಾಲಿಗೆ ಹಲ್ಲಿಗೆ ಕಚ್ಚಿ ಆಡುವ ಆ "ಥ" ಇಲ್ಲಿ ಬೇಕಾಗಲ್ಲ, "ಗ್ರಾಸಿಯಾಸ್" ಅಂದರೆ ಸಾಕು. ಸ್ಪೇನಿನಲ್ಲಿ ಆಪ್ತರ ಗುಂಪಿಗೆ ಹೇಳುವ ವೊಸೊತ್ರೊಸ್ ("ನೀವು") ಅನ್ನುವ ಕಾಟವೂ ಇಲ್ಲ, ಎಷ್ಟೇ ಆಪ್ತರಿದ್ದರೂ ಬಹುವಚನಕ್ಕೆ ಉಸ್ತೇದೆಸ್. ಒಂದು ಪೂರ್ತಿ ಸಾಲು ಕ್ರಿಯಾರೂಪ ಉಳೀತು.

ನಾನು ಬಾಗಲಕೋಟೆಯವನು. ಮೊದಲ ದಿನ ಬೀದಿಯಲ್ಲಿ ಹೆಂಚಿನ ಮೇಲೆ ಬಡಿದು ಬೇಯಿಸುವ ಮೆಕ್ಕೆಜೋಳದ ರೊಟ್ಟಿ, ಕಾಳು, ಹಸಿಮೆಣಸಿನಕಾಯಿ ಅರೆದದ್ದು ನೋಡಿ ಇಲ್ಲೇ ಇದ್ದುಬಿಡೋಣ ಅನಿಸ್ತು. ಆದರೆ ತಂಗಿಗೆ ಹೇಳ್ತೀನಿ, ಇಲ್ಲೂ ಕಾಳಿಗೆ ಹಂದಿ ಕೊಬ್ಬು, ಅನ್ನಕ್ಕೆ ಕೋಳಿ ಸಾರು ಹಾಕುವುದು ಮಾಮೂಲು. ಕೇಳಿಯೇ ತಿನ್ನಬೇಕು.

ಮತ್ತೆ ಸ್ಪೇನಿನಲ್ಲಿ ಕಲಿತು ಈ ಕಡೆ ಬಂದವರು "ಬಸ್ ಹಿಡೀತೀನಿ" ಅನ್ನೋಕೆ ಅಲ್ಲಿನ "ಕೊಹೆರ್" ಬಳಸಿದರೆ ಸುತ್ತ ಇದ್ದವರೆಲ್ಲ ಬಾಯಿಗೆ ಕೈ ಅಡ್ಡ ಇಡ್ತಾರೆ. ಯಾಕೆ ಅಂತ ಇಲ್ಲಿ ಬರೆಯೋಕಾಗಲ್ಲ.

ವ್ಯಾಕರಣ_ಮೇಡಂ

ಬರೆಯದಿದ್ದದ್ದೇ ಒಳ್ಳೆಯದಾಯಿತು.

ಬೆಣ್ಣೆದೋಸೆ_ಹುಡುಗಿ

ಆ ಕುಟುಂಬದಿಂದ ಉತ್ತರ ಬಂತು. ಪದ್ರೋನ್ ಬಗ್ಗೆ: "ಬಂದ ಮೇಲೆ ಮಾತಾಡೋಣ." ಅಪ್ಪನಿಗೆ ತೋರ್ಮೆಸ್ ಅಣ್ಣನ ಕಾಮೆಂಟ್ ಓದಿ ಹೇಳಿದೆ. ಸುಮಾರು ಹೊತ್ತು ಸುಮ್ಮನಿದ್ದು "ಹಾಸ್ಟೆಲ್ ಬುಕ್ ಮಾಡು" ಅಂದರು.

ವೀಸಾಗೆ ಖಾತೆಯಲ್ಲಿ ತಿಂಗಳಿಗೆ 600 ಯೂರೊ ಲೆಕ್ಕದಲ್ಲಿ ತೋರಿಸಿ ಅಂದರು, ಸರಿನಾ?

ತೋರ್ಮೆಸ್_ದಂಡೆ

ಸರಿ. ಐಪ್ರೆಮ್ ಅಂತ ಒಂದು ಸರ್ಕಾರಿ ಸೂಚಿ ಇದೆ, 2023ರಿಂದ ಅದು ತಿಂಗಳಿಗೆ 600. ಅದು ಕನಿಷ್ಠ. ಸ್ವಲ್ಪ ಜಾಸ್ತಿಯೇ ತೋರಿಸು. ಬರುವಾಗ ಬರಾಹಾಸ್ ವಿಮಾನ ನಿಲ್ದಾಣದಿಂದಲೇ ಸಲಮಾಂಕಾಗೆ ನೇರ ಬಸ್ಸಿದೆ, ಮ್ಯಾಡ್ರಿಡ್ ಊರೊಳಗೆ ಹೋಗುವ ಅಗತ್ಯ ಇಲ್ಲ. ಭಾನುವಾರ ಬರಬೇಡ, ಹೆಚ್ಚಿನ ಅಂಗಡಿ ಮುಚ್ಚಿರುತ್ತೆ. ಬೇರೆ ದಿನವೂ ಮಧ್ಯಾಹ್ನ ಎರಡರಿಂದ ಐದರವರೆಗೆ ಸಣ್ಣ ಅಂಗಡಿಗಳು ಬಾಗಿಲು ಎಳೆದಿರುತ್ತವೆ.

ಬೆಣ್ಣೆದೋಸೆ_ಹುಡುಗಿ

(ನವೆಂಬರ್)

ಇಷ್ಟು ದಿನ ಬರೆಯೋಕೆ ಆಗಲಿಲ್ಲ, ಬೇಜಾರು ಮಾಡ್ಕೋಬೇಡಿ. ಬಂದಾಯ್ತು, ಪದ್ರೋನ್ ಆಯ್ತು, ಬೆರಳಚ್ಚು ಕೊಟ್ಟಾಯ್ತು.

ಮನೆ ಸಿಕ್ಕಿದ್ದು ಭಾಷಾವಿಭಾಗದ ಬೋರ್ಡಿನ ಸೀಳು ಚೀಟಿಯಿಂದಲೇ. ಮೂರು ಜನ ಹುಡುಗಿಯರು: ಇಬ್ಬರು ಕಾಸೆರೆಸ್ ಕಡೆಯವರು, ಒಬ್ಬಳು ಸಮೋರಾದವಳು. ಒಬ್ಬಳು ನರ್ಸಿಂಗ್, ಇಬ್ಬರು ಕಾನೂನು. ಇಂಗ್ಲಿಷ್ ಮೂವರಿಗೂ ಅಷ್ಟಕ್ಕಷ್ಟೆ, ಅದೇ ನನ್ನ ಪುಣ್ಯ. ನಾಲ್ಕನೇ ಮಹಡಿ, ಲಿಫ್ಟ್ ಇಲ್ಲ. ಅರ್ಮುಞಾ ಚನ್ನಂಗಿ ಸಿಕ್ಕಿತು, ಚನ್ನಂಗಿ ಅಕ್ಕನ ಹೆಸರು ಹೇಳಿ ಹುಳಿ ಮಾಡಿದೆ. ಕಾಸೆರೆಸ್ ಹುಡುಗಿ ಊರಿಂದ ತಂದ ವೆರಾದ ಪಿಮೆಂತೋನ್ ಕೊಟ್ಟಳು, ಓಕ್ ಸೌದೆ ಹೊಗೆಯಲ್ಲಿ ಒಣಗಿಸಿದ ಕೆಂಪು ಮೆಣಸಿನ ಪುಡಿ. ಬ್ಯಾಡಗಿ ಮೆಣಸಿನಕಾಯಿ ಮುಗಿದು ಹೋಗಿತ್ತು, ಬಣ್ಣಕ್ಕೆ ಇದನ್ನೇ ಹಾಕ್ತಿದ್ದೀನಿ. ಹುಳಿಗೆ ಹೊಗೆ ವಾಸನೆ ಬರುತ್ತೆ, ಅಮ್ಮನಿಗೆ ಹೇಳಿಲ್ಲ.

ಈಗ ಜಗಳದ ವಿಷಯ. ನನ್ನದು ಅಂತ ಒಂದು ಬಾಣಲೆ ಬೇರೆ ಇಟ್ಟಿದ್ದೆ, ಹಿಡಿಗೆ ಹಸಿರು ಟೇಪ್ ಸುತ್ತಿ. ಮೊದಲ ದಿನವೇ ಹೇಳಿದ್ದೆ, ಇದರಲ್ಲಿ ಮಾಂಸ ಬೇಡ ಅಂತ. ಮೊನ್ನೆ ಕ್ಲಾಸಿಂದ ಬಂದರೆ ಸಮೋರಾದವಳು ಅದರಲ್ಲೇ ಚೊರೀಸೊ ಹುರಿದು, ತೊಳೆಯದೆ ಸಿಂಕಿನಲ್ಲಿ ಬಿಟ್ಟಿದ್ದಾಳೆ. ಕೆಂಪು ಎಣ್ಣೆ ಟೇಪಿನ ಮೇಲೆಲ್ಲ. ನನಗೆ ರೇಗಿತು. ಅವಳ ರೂಮಿನ ಬಾಗಿಲು ಬಡಿದು, ಇದು ನನ್ನ ಬಾಣಲೆ, ನೀನು ಕೇಳಬೇಕಿತ್ತು, ನಾನು ನಿನ್ನ ಸಾಮಾನು ಮುಟ್ಟುತ್ತೀನಾ ಅಂತ ಒಂದೇ ಉಸಿರಿಗೆ ಅಂದೆ. ಅವಳು ಕ್ಷಮೆ ಕೇಳಿದಳು. ಆಮೇಲೆ ಮೆಲ್ಲಗೆ, "ಎಲ್ ಸರ್ತೇನ್ ಅಲ್ಲ, ಲಾ ಸರ್ತೇನ್" ಅಂದಳು!! ಜಗಳದ ಮಧ್ಯದಲ್ಲಿ ಬಾಣಲೆಗೆ ಲಿಂಗ ತಿದ್ದುತ್ತಾಳೆ. ಅತ್ತ ಕಡೆಯಿಂದ ಇನ್ನಿಬ್ಬರು ನಗೋಕೆ ಶುರು ಮಾಡಿದರು. ಹೊಸ ಬಾಣಲೆ ತಂದುಕೊಟ್ಟಿದ್ದಾಳೆ, ಬಿಡಿ.

ಬಂಗುಡೆ ಅಣ್ಣ, ನಿಮ್ಮ ಮಾತು ನಿಜ. ಕ್ಲಾಸಿನಲ್ಲಿ ನಾನು ಈಗಲೂ ಬಾಯಿ ಬಿಡಲ್ಲ.

ಜೋಳದರೊಟ್ಟಿ_ಮೆಹಿಕೊ

ನಮ್ಮಲ್ಲಿ ಎಲ್ ಸರ್ತೇನ್ ಅಂತಲೇ ಅಂತಾರೆ. ಅವಳಿಗೆ ಹೇಳು, ಮೆಕ್ಸಿಕೊದ ಪೂರ್ತಿ ಬೆಂಬಲ ನಿನಗಿದೆ ಅಂತ.

ಕುಡ್ಲದ_ಬಂಗುಡೆ

ಗೆದ್ದಿರಿ ಮಾರಾಯ್ತಿ! ಇನ್ನು ಕರೆಂಟ್ ಬಿಲ್ಲಿನ ಜಗಳ ಬಾಕಿ. ಜನವರಿ ಬಿಲ್ಲು ಬರಲಿ, ಬಿ2 ಅಲ್ಲ, ಸಿ1 ಆಗ್ತದೆ.

ಧಾರವಾಡ_ಫೇಡೆ

ಎಲ್ಲಾ ಛಲೋ ಆತು. ಆದರೆ ಡಿಸೆಂಬರ್ ಬಗ್ಗೆ ಯೋಚನೆ ಮಾಡಿದ್ದೀಯಾ? ತಿಂಗಳ ನಡುವೆ ಒಂದು ಗುರುವಾರ ರಾತ್ರಿ ಮಾತ್ರ ಭಾರಿ ಗದ್ದಲ. ಹೊಸ ವರ್ಷಕ್ಕೆ ಎಲ್ಲರೂ ಊರಿಗೆ ಹೋಗಿರ್ತಾರೆ ಅಂತ ವಿದ್ಯಾರ್ಥಿಗಳು ಮುಂಚೆಯೇ ಊರ ನಡುವಿನ ದೊಡ್ಡ ಚೌಕ ಪ್ಲಾಸಾ ಮಯೋರ್‌ನಲ್ಲಿ ಸೇರಿ ಸುಳ್ಳು ಹೊಸ ವರ್ಷ ಮಾಡ್ತಾರೆ. 12 ಗಂಟೆಗೆ 12 ದ್ರಾಕ್ಷಿ ತಿನ್ನುವ ಬದಲು ಜೆಲ್ಲಿ ಮಿಠಾಯಿ (ಅದರಲ್ಲಿ ಜೆಲಾಟಿನ್ ಇರುತ್ತೆ, ನೀನು ನಿಜವಾದ ದ್ರಾಕ್ಷಿಯನ್ನೇ ತಗೊಂಡು ಹೋಗು). ಅದಾದ ಮೇಲೆ ಮೂವರೂ ಬ್ಯಾಗು ಹಿಡಿದು ಊರಿಗೆ. ಮೂರು ವಾರ ಆ ನಾಲ್ಕನೇ ಮಹಡಿಯಲ್ಲಿ ನೀನೊಬ್ಬಳೇ. ಕ್ಲಾಸಿಲ್ಲ. ಇಲ್ಲಿ ಊಟ ಮಾಡಿ ಮಾತಾಡೋಣ ಅನ್ನುವಷ್ಟರಲ್ಲಿ ದಾವಣಗೆರೆಯಲ್ಲಿ ರಾತ್ರಿ ಎರಡು ಗಂಟೆ. ನಾನು ಅಲ್ಲಿನ ಆ ಅಮ್ಮನ ಮನೆಯಲ್ಲಿದ್ದಾಗ ಆಕೆಯ ಮಕ್ಕಳು, ಮೊಮ್ಮಕ್ಕಳು ಎಲ್ಲಾ ಬಂದಿದ್ದರು. 24ರ ರಾತ್ರಿ ನನಗೂ ಒಂದು ಕುರ್ಚಿ ಇತ್ತು. ಇದನ್ನೂ ಲೆಕ್ಕಕ್ಕೆ ಹಿಡಿಯಬೇಕಲ್ಲವಾ? ಮುಂದೆ ಓದುವವರಿಗೆ ಹೇಳ್ತಿದ್ದೀನಿ, ನಿನ್ನನ್ನು ಹೆದರಿಸೋಕೆ ಅಲ್ಲ.

ಚನ್ನಂಗಿಬೇಳೆ

ಧಾರವಾಡದವರ ಈ ಮಾತನ್ನು ನಾನು ಒಪ್ತೀನಿ. ವಲೆನ್ಸಿಯಾದ ಮೊದಲ ಕ್ರಿಸ್‌ಮಸ್ ನನಗೆ ತೀರಾ ಕೆಟ್ಟದಾಗಿತ್ತು. ಹುಡುಗಿ, ಲವಪಿಯೇಸ್‌ಗೆ ಸಾಮಾನು ತರೋಕೆ ಬಾ, ನಮ್ಮ ಮನೆಯಲ್ಲೇ ನಾಲ್ಕು ದಿನ ಇದ್ದು ಹೋಗು.

ಬೆಣ್ಣೆದೋಸೆ_ಹುಡುಗಿ

ಅದನ್ನೇ ಯೋಚನೆ ಮಾಡ್ತಿದ್ದೆ ಅಕ್ಕ. ಕಾಸೆರೆಸ್ ಹುಡುಗಿ ಅವರ ಊರಿಗೆ ಕರೆದಿದ್ದಾಳೆ. ಆದರೆ ಹೋಗುವುದೇ ಹಂದಿ ಕಡಿಯುವ ಹಬ್ಬಕ್ಕೆ ಅಂತೆ, ಮನೆಮಂದಿಯೆಲ್ಲ ಸೇರಿ ವರ್ಷದ ಚೊರೀಸೊ ಮಾಡ್ತಾರಂತೆ. ನಾನು "ಇನ್ನೊಂದು ಸಲ" ಅಂದೆ. ಅದಕ್ಕೆ ಅವಳು "ನೀನು ಬರೀ ಬಾಣಲೆ ಕಾಯಿ ಸಾಕು" ಅಂತಾಳೆ. ಮ್ಯಾಡ್ರಿಡ್‌ಗೆ ಖಂಡಿತ ಬರ್ತೀನಿ.

ತೋರ್ಮೆಸ್_ದಂಡೆ

ಮಿಕ್ಕ ದಿನ ನಾನೂ ನನ್ನ ಹೆಂಡತಿಯೂ ಊರಲ್ಲೇ ಇರ್ತೀವಿ. ರೋಮನ್ ಸೇತುವೆ ದಾಟಿದರೆ ನಮ್ಮ ಮನೆ. 25ಕ್ಕೆ ಬಿಸಿಬೇಳೆಭಾತ್. ಜೂನ್‌ನಲ್ಲಿ ನನ್ನ ಪ್ರಬಂಧ ಮುಗಿಯುತ್ತೆ, ನಾವು ಹೊರಡ್ತೀವಿ. ರಜಾಯಿ, ಮಿಕ್ಸಿ, ಐದು ಲೀಟರ್ ಕುಕ್ಕರ್ ನಿನಗೇ. ಕುಕ್ಕರಿನ ಗ್ಯಾಸ್ಕೆಟ್ ಹೋಗಿದೆ, ಇಲ್ಲಿ ನಮ್ಮ ಅಳತೆಯದು ಸಿಗಲ್ಲ. ದಾವಣಗೆರೆಯಿಂದ ಯಾರಾದರೂ ಬರುವವರಿದ್ದರೆ ಎರಡು ತರಿಸಿಬಿಡು.